ಹಬೆಯಿಲ್ಲದೆ ಬಾಸ್ಟ್ನಸೈಟ್ ತೇಲಿಸಿದ್ದು

ಬಾಸ್ಟ್ನಸೈಟ್ ಅಂದರೆ ವಿರಳ ಭಸ್ಮ (ರೇರ್ ಅರ್ಥ್) ಲೋಹಗಳಿರುವ ಖನಿಜ. ಅದಿರಿನ ಪುಡಿಯನ್ನು ನೀರಲ್ಲಿ ಕಲಕಿ, ಬೇಕಾದ ಖನಿಜ ಗಾಳಿಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇಳುವಂತೆ ಮಾಡುವುದೇ ತೇಲಿಸುವುದು. ಹಾಗೆ ಅಂಟಿಸುವ ದುಬಾರಿ ರಾಸಾಯನಿಕ ಹೈಡ್ರಾಕ್ಸಮೇಟ್. ಅದನ್ನು ಬಳಸುವುದೆಂದರೆ ದುಡ್ಡನ್ನು ನೊರೆಯ ಜೊತೆ ಚೆಲ್ಲಿದಂತೆ ಅಂತ ಪರ್ತ್‌ನ ನಮ್ಮ ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವರೇ ನನ್ನ ಟೆಸ್ಟ್ ಶೀಟ್ ಕೇಳಿ ಒಯ್ಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದಿರು ಕಾರ್ಬೊನಟೈಟ್, ಅಂದರೆ ಕಾರ್ಬೊನೇಟ್ ತುಂಬಿದ ಅಗ್ನಿಶಿಲೆ. ವಿರಳ ಭಸ್ಮ ಆಕ್ಸೈಡ್ 5–6%, ಮಿಕ್ಕಿದ್ದು ಬಹುಪಾಲು ನಮಗೆ ಬೇಡದ ಕ್ಯಾಲ್ಸೈಟ್ ಮತ್ತು ಬೇರೈಟ್. ಮೊದಲು ಹಿಡಿದದ್ದು ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನ ಹಳೇ ದಾರಿ: ಸೋಡಾ ಆಶ್, ಬೇಡದ ಖನಿಜ ತಡೆಯಲು ಲಿಗ್ನಿನ್ ಸಲ್ಫೊನೇಟ್, ಬೇಕಾದ್ದನ್ನು ಗುಳ್ಳೆಗೆ ಅಂಟಿಸಲು ಟಾಲ್ ಆಯಿಲ್ ಫ್ಯಾಟಿ ಆಸಿಡ್, ಮೇಲೆ ಹಬೆಯ ಬಿಸಿ. ಗ್ರೇಡ್ (ನೊರೆಯಲ್ಲಿ ಸಿಕ್ಕ ಮಾಲಿನಲ್ಲಿ ವಿರಳ ಭಸ್ಮ ಆಕ್ಸೈಡ್‌ನ ಪಾಲು) ಏನೋ ಬಂತು. ಆದರೆ ಊರಾಚೆಯ ಗಣಿಯಲ್ಲಿ ಹಬೆಗೆ ತಗಲುವ ಇಂಧನದ ಲೆಕ್ಕ ನೋಡಿ ಕ್ಲೈಂಟ್ ಮುಖ ಸಿಂಡರಿಸಿದ. ತಣ್ಣಗೇ ಓಡಿಸಿದರೆ ಕ್ಯಾಲ್ಸೈಟೆಲ್ಲ ಮೇಲೆದ್ದು ಗ್ರೇಡ್ 10–12% ದಾಟಲಿಲ್ಲ.

ಗಣಿಯ ಬೋರ್ ನೀರು ತರಿಸಿದಾಗ ಇನ್ನೊಂದು ತಾಪತ್ರಯ. ನೀರಿನ ಕ್ಯಾಲ್ಸಿಯಂ ಫ್ಯಾಟಿ ಆಸಿಡ್ಡನ್ನೆಲ್ಲ ನುಂಗಿತು. ಗಡಸು ನೀರಲ್ಲಿ ಬಟ್ಟೆ ಸೋಪು ಉಜ್ಜಿದಾಗ ಆಗುವಂತೆ ಸೆಲ್ (ತೇಲಿಸುವ ತೊಟ್ಟಿ) ಅಂಚಿಗೆ ಬಿಳೀ ಜಿಗಟು ಕಟ್ಟಿತು. ಸೋಡಾ ಆಶ್ ಮೊದಲೇ ಹಾಕಿ, ನೀರನ್ನು ಮೆದು ಮಾಡಿಕೊಂಡೇ ಅದಿರು ಬೆರೆಸಿ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ದಂಡ.

ಕೊನೆಗೆ ಫ್ಯಾಟಿ ಆಸಿಡ್ ಬದಲು ಹೈಡ್ರಾಕ್ಸಮೇಟ್ ಹಿಡಿದೆ. ಆ ಬಗೆಯ ಆಕ್ಟೈಲ್ ಹೈಡ್ರಾಕ್ಸಮಿಕ್ ಆಸಿಡ್‌ಗೆ ನಮಗೆ ಬಂದ ಕೊಟೇಶನ್, ಕೆಜಿಗೆ ಫ್ಯಾಟಿ ಆಸಿಡ್‌ನ ಎಂಟು-ಹತ್ತು ಪಟ್ಟು. ಒಂದೇ ಸಲ ಸುರಿದಾಗ ಟನ್ನಿಗೆ ಒಂದೂವರೆ ಕೆಜಿ ತಿಂತು. ಕಂತಿನಲ್ಲಿ ಕೊಟ್ಟು, ಕಂಡೀಷನಿಂಗ್ (ಗಾಳಿ ಬಿಡುವ ಮುಂಚೆ ಕಲಕುವ) ಹೊತ್ತು ಹೆಚ್ಚಿಸಿದ ಮೇಲೆ 700–800 ಗ್ರಾಂಗೆ ಇಳಿಯಿತು. ಬೆಚ್ಚಗಿನ ಕಾಸ್ಟಿಕ್ ಪೊಟ್ಯಾಶ್‌ನಲ್ಲಿ ಕರಗಿಸಿ, ಅವತ್ತಿನದನ್ನು ಅವತ್ತೇ ಬಳಸಿ. ಹಳಸಿದ್ದು ಕೈ ಕೊಡುತ್ತದೆ. ಪಿಎಚ್ 9ರಿಂದ 9.5. ಮೊದಲು ಬರುವ ನೊರೆ ಕಂದು, ದಟ್ಟ, ಸಣ್ಣ ಗುಳ್ಳೆಯದು. ಪ್ಯಾಡಲ್‌ಗೆ ಅಂಟಿಕೊಂಡೇ ಬರುತ್ತದೆ. ಬಿಳುಚಿಕೊಂಡ ಕೂಡಲೇ ಕೆರೆಯುವುದು ನಿಲ್ಲಿಸಿ, ಅಲ್ಲಿಂದಾಚೆ ಕ್ಯಾಲ್ಸೈಟ್. ರಫರ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಗ್ರೇಡ್ 25%ರ ಆಸುಪಾಸು, ರಿಕವರಿ (ಅದಿರಿನಲ್ಲಿದ್ದ ವಿರಳ ಭಸ್ಮದಲ್ಲಿ ಕೈಗೆ ಸಿಕ್ಕ ಪಾಲು) 75%ರ ಮೇಲೆ. ಹಬೆ ಇಲ್ಲದೆ, ಸ್ವಾಮಿ!

ಬೇಡದ ಖನಿಜ ಮೇಲೇಳದಂತೆ ಹಾಕುವ ಸೋಡಿಯಂ ಸಿಲಿಕೇಟ್ ಅತಿಯಾದರೆ ಬಾಸ್ಟ್ನಸೈಟೂ ಮುಳುಗುತ್ತದೆ. ನಾನು ಅದಕ್ಕೆ ಬೆರೆಸಿದ್ದೇನು ಅಂತ ಹೇಳಲಾರೆ. ಲೋಹದ ಲವಣ ಎಂದವರಿಗೆ ಅರ್ಧ ಮಾರ್ಕು.

ನಡುವೆ ಚಪಲಕ್ಕೆ ಇನ್ನೊಂದು ಹೈಡ್ರಾಕ್ಸಮೇಟ್ ಆದ ಬೆಂಝೊಹೈಡ್ರಾಕ್ಸಮಿಕ್ ಆಸಿಡ್ ಜೊತೆ ಲೆಡ್ ನೈಟ್ರೇಟ್ (ಸೀಸದ ಲವಣ) ಹಾಕಿ ನೋಡಿದೆ. ರಿಕವರಿ ಚೆನ್ನಾಗಿಯೇ ಏರಿತು. ಆದರೆ ಟೇಲಿಂಗ್ಸ್ (ಮಿಕ್ಕ ತ್ಯಾಜ್ಯದ) ಹೊಂಡಕ್ಕೆ ಸೀಸ ಬಿಡಲು ಯಾರು ಒಪ್ಪುತ್ತಾರೆ? ಅಲ್ಲಿಗೇ ಬಿಟ್ಟೆ.

ಬೇರೈಟ್ ಇನ್ನೂ ಕಾಡುತ್ತಿದೆ. ಸಾಂದ್ರತೆ ಬಾಸ್ಟ್ನಸೈಟ್‌ಗೆ ಹತ್ತಿರವಾದ್ದರಿಂದ ತೂಕದ ಮೇಲೆ ಕಣಗಳನ್ನು ವಿಂಗಡಿಸುವ ಶೇಕಿಂಗ್ ಟೇಬಲ್ ಮೇಲೂ ಬೇರೆಯಾಗಲ್ಲ. ಆದರೆ ಬಾಸ್ಟ್ನಸೈಟನ್ನು ಅಯಸ್ಕಾಂತ ಒಂಚೂರು ಎಳೆಯುತ್ತದೆ, ಬೇರೈಟನ್ನು ಎಳೆಯಲ್ಲ. ಕಾನ್ಸಂಟ್ರೇಟನ್ನು (ನೊರೆಯಲ್ಲಿ ಸಿಕ್ಕ ಮಾಲನ್ನು) ಹೈ ಇಂಟೆನ್ಸಿಟಿ ಮ್ಯಾಗ್ನೆಟಿಕ್ ಸೆಪರೇಟರ್‌ಗೆ ಕಳಿಸಿದ್ದೇನೆ, ಗಂಟೆ ಲೆಕ್ಕದ ಬಾಡಿಗೆಗೆ.