ಫ್ರೀ ಪೀರಿಯಡ್ಡಿನ ಲೆಕ್ಕ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಯು.ಪಿ. (ಏಳನೇ ಕ್ಲಾಸಿನವರೆಗಿನ) ಶಾಲೆಯಲ್ಲಿ ಏಳು ವರ್ಷ ಎಚ್‌ಎಂ, ಅಂದರೆ ಹೆಡ್‌ಮಾಸ್ಟರ್ ಆಗಿದ್ದೆ. ಪಾಠ ಹಿಂದೆ ಬಿದ್ದರೆ ಟೀಚರನ್ನು ಕರೆದು ಎರಡು ಮಾತು ಹೇಳಿದರಾಯಿತು ಅಂತ ಮೊದಲ ವರ್ಷ ನಂಬಿದ್ದೆ.

ಹಾಗೇ ಒಮ್ಮೆ ಐದನೇ ಕ್ಲಾಸಿನ ಟೀಚರನ್ನು ಕರೆದೆ. ಅವರು ಸುಮ್ನೆ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಆ ವಾರ ಅವರಿಗಿದ್ದದ್ದು ನಾಲ್ಕು ಫ್ರೀ ಪೀರಿಯಡ್. ಮೂರನ್ನು ನಾನೇ ತಿಂದಿದ್ದೆ. ಒಂದರಲ್ಲಿ ಮಧ್ಯಾಹ್ನದೂಟದ ಲೆಕ್ಕ, ಇನ್ನೊಂದರಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಮತ್ತೊಂದರಲ್ಲಿ ರಜೆ ಹಾಕಿದವರ ಕ್ಲಾಸು. "ಪಾಠ ಯಾವಾಗ ನೋಡಿಕೊಳ್ಳಲಿ ಮಾಷ್ಟ್ರೇ?" ಅಂದರು.

ಅಂದಿನಿಂದ ರಜೆಯವರ ಕ್ಲಾಸಿಗೆ ಆದಷ್ಟು ನಾನೇ ಹೋದೆ. ಊಟದ ಲೆಕ್ಕ ನನ್ನ ಸಂಜೆಗೆ ಬಿತ್ತು. ಮನೆಯಲ್ಲಿ ಬೈಗುಳ ಜಾಸ್ತಿಯಾಯಿತು, ಅದು ಬೇರೆ.

ಇನ್ನೊಂದು ನಮ್ಮೂರಿನದೇ ಹೊರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಪಾಠ ಕನ್ನಡದಲ್ಲಿ ಉಳಿಯಿತು, ಕಾಗದಪತ್ರ ಮಲಯಾಳಕ್ಕೆ ಹೋಯಿತು. ಒಂದು ಸುತ್ತೋಲೆ ಬಂದರೆ ಒಂಬತ್ತು ಜನ ಒಂಬತ್ತು ಕಡೆ ಕೂತು ಅದನ್ನು ಬಿಡಿಸುತ್ತಿದ್ದರು. ನನಗೆ ಮಲಯಾಳ ಓದಲು ಬರುತ್ತದೆ. ದಿನಾ ಬೆಳಿಗ್ಗೆ ವಾಟ್ಸಾಪಿಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕತೊಡಗಿದೆ: ಏನು ಮಾಡಬೇಕು, ಯಾರು, ಯಾವತ್ತಿನೊಳಗೆ.

ಇದರಿಂದ ಎಸ್‌ಆರ್‌ಜಿ (ಶಾಲೆಯ ಟೀಚರೆಲ್ಲ ಕೂತು ಪಾಠದ ಬಗ್ಗೆ ಮಾತಾಡಬೇಕಾದ) ಮೀಟಿಂಗಿಗೆ ಜೀವ ಬಂತು. ಮೊದಲು ಅಲ್ಲಿ ನಾನು ಸುತ್ತೋಲೆ ಓದುವುದು, ಅವರು ಗಡಿಯಾರ ನೋಡುವುದು. ಈಗ ಪಾಠದ ಮಾತು ಶುರುವಾಯಿತು. ಒಮ್ಮೆ ಹೊಸ ಟೀಚರೊಬ್ಬರು ಭಿನ್ನರಾಶಿಯಲ್ಲಿ ಸೋತ ಕಥೆ ಹೇಳಿದರು. "ನಾಲ್ಕರಲ್ಲಿ ಒಂದು ಪಾಲು" ಅಂದರೆ ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗನೊಬ್ಬ ಹಾಲಿನ ಲೋಟ ಬರೆದನಂತೆ. ಮಲಯಾಳದಲ್ಲಿ ಪಾಲ್ ಅಂದರೆ ಹಾಲು ಅಲ್ವಾ! ನಕ್ಕು ಮುಗಿದ ಮೇಲೆ ಹಿರಿಯ ಟೀಚರು, "ಅವನಿಗೆ ಒಮ್ಮೆ ಪಂಕ್ ಅಂತ ಹೇಳಿ, ಆಮೇಲೆ ಪಾಲು ಅನ್ನಿ" ಅಂದರು. ಮಲಯಾಳದಲ್ಲಿ ಪಾಲಿಗೆ ಪಂಕ್ ಅನ್ನುತ್ತಾರೆ. ಯಾವ ತರಬೇತಿಯಲ್ಲೂ ನಾನು ಇದನ್ನು ಕೇಳಿರಲಿಲ್ಲ.

ಜೂನ್ ತಿಂಗಳಿಗೆ ಮಾತ್ರ ನನ್ನಲ್ಲಿ ಮದ್ದಿರಲಿಲ್ಲ. ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದಲ್ಲೇ ಟೀಚರ ಹುದ್ದೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು. ಯು.ಪಿ.ಯಲ್ಲಿ, ಅಂದರೆ ಐದರಿಂದ ಏಳನೇ ಕ್ಲಾಸಿಗೆ, 35 ಮಕ್ಕಳಿಗೆ ಒಬ್ಬರು ಟೀಚರು. ಕೆಲವೊಮ್ಮೆ ಒಂದು ಮಗು ಕಡಿಮೆಯಾದರೂ ಒಂದು ಡಿವಿಷನ್ (ಕ್ಲಾಸಿನ ವಿಭಾಗ) ಹೋಗುತ್ತದೆ, ಅದರ ಜೊತೆ ಟೀಚರ ಕೆಲಸವೂ. ಕೆಲಸ ತೂಗಾಡುತ್ತಿರುವ ಟೀಚರು ಆ ಆರು ದಿನ ಬೋರ್ಡಿಗಿಂತ ಗೇಟನ್ನೇ ಜಾಸ್ತಿ ನೋಡುತ್ತಾರೆ. ನಾನೂ ಅಷ್ಟೇ, ಕಿಟಕಿಯಲ್ಲಿ ನಿಂತು ಮಕ್ಕಳನ್ನು ಎಣಿಸುತ್ತಿದ್ದೆ.