ಆರು ವರ್ಷ ಬರೀ ಮೆಕ್ಕೆಜೋಳ ಬೆಳೆದ ಮೇಲೆ

ಹೊಲದ ನಡುವಿಂದ ಒಂದು ಗುದ್ದಲಿ ಮಣ್ಣು ತೆಗೆದೆ. ಬದುವಿನಿಂದ ಇನ್ನೊಂದು ಗುದ್ದಲಿ ತಂದು ಪಕ್ಕದಲ್ಲಿಟ್ಟೆ. ಬದುವಿನ ಮಣ್ಣು ಕಪ್ಪಗೆ, ಪುಡಿಪುಡಿ, ಅದರಲ್ಲಿ ಎರಡು ಎರೆಹುಳು. ಹೊಲದ್ದು ಗಟ್ಟಿ ಹೆಂಟೆ. ಒಡೆದು ನೋಡಿದರೂ ಒಂದು ಹುಳು ಇಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಆರು ವರ್ಷ ಆ ಹೊಲದಲ್ಲಿ ಮೆಕ್ಕೆಜೋಳ ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಅದು ಸಾರಜನಕ ಜಾಸ್ತಿ ಎಳೆಯುವ ಬೆಳೆ. ಇಳುವರಿ ಇಳಿದಂತೆಲ್ಲ ಯೂರಿಯಾ ಹೆಚ್ಚಿಸಿದೆ. ಗಿಡಕ್ಕೆ ಸೇರದೆ ಉಳಿದದ್ದು ಮಳೆ ನೀರಿನ ಜೊತೆ ಹರಿದು ಹೋಗುತ್ತದೆ, ಇಲ್ಲವೇ ಅಂತರ್ಜಲಕ್ಕೆ ಬಸಿಯುತ್ತದೆ. ಕೊಯ್ಲಾದ ಮೇಲೆ ದಂಟನ್ನೂ ಸುಡುತ್ತಿದ್ದೆ. ಮಣ್ಣಿಗೆ ವಾಪಸ್ ಏನೂ ಸಿಗಲಿಲ್ಲ.

ಐದನೇ ವರ್ಷ ಸೈನಿಕ ಹುಳು ಬಿತ್ತು. ಸುಳಿ ಬಿಡಿಸಿದರೆ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ, ಅದರೊಳಗೆ ಹುಳು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರ ಚೌಕದಂತೆ ನಾಲ್ಕು ಚುಕ್ಕೆ. ಔಷಧಿ ಹೊಡೆದೆ, ಮತ್ತೆ ಹೊಡೆದೆ. ಸುಳಿಯೊಳಗೆ ಅಡಗಿದ್ದ ಹುಳು ಉಳಿಯಿತು. ಅದನ್ನು ತಿನ್ನುವ ಜೇಡಗಳು ಸತ್ತವು. ಕಣ್ಣು ಹಾಯಿಸಿದಷ್ಟು ದೂರ ಅದಕ್ಕೆ ಬೇಕಾದ ಊಟವನ್ನೇ ಹಾಕಿಟ್ಟಿದ್ದೆ, ಬರದೇ ಇರುತ್ತಾ?

1970ರಲ್ಲಿ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದಲ್ಲಿ ಬಹುಪಾಲು ಒಂದೇ ತಾಯಿ ಮೂಲದ್ದಾಗಿತ್ತು. ಆ ಮೂಲಕ್ಕೇ ಸುಲಭವಾಗಿ ತಗಲುವ ಎಲೆ ಅಂಗಮಾರಿ ರೋಗ ಬಂದು ದೇಶದ ಸುಮಾರು ಶೇ 15ರಷ್ಟು ಬೆಳೆ ಹೋಯಿತು. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು, ಇನ್ನು ಬದಲಾಯಿಸಲೇಬೇಕು ಅಂತ.

ಏಳನೇ ವರ್ಷ ಅರ್ಧ ಹೊಲಕ್ಕೆ ಅಲಸಂದೆ ಹಾಕಿದೆ. ಉಳಿದರ್ಧದಲ್ಲಿ ಎರಡು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ. ಹೂವಾಗುವ ಹೊತ್ತಿಗೆ ಒಂದು ಅಲಸಂದೆ ಗಿಡ ಅಗೆದು ತೆಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿದೆ. ಒಳಗೆ ಗುಲಾಬಿ ಬಣ್ಣ! ಆ ಬಣ್ಣ ಕಂಡರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಎಂದರ್ಥ. ಮುಂದಿನ ಹಂಗಾಮಿಗೆ ಅದೇ ಜಾಗದಲ್ಲಿ ಮೆಕ್ಕೆಜೋಳ ಬಿತ್ತಿ, ಯೂರಿಯಾ ಕಾಲು ಭಾಗ ಕಡಿಮೆ ಮಾಡಿದೆ. ಎಲೆ ಹಳದಿಯಾಗಲಿಲ್ಲ.

ಕೆಲಸ ಮಾತ್ರ ಜಾಸ್ತಿಯಾಯಿತು. ತೊಗರಿ ಸಾಲು ಇರುವ ಕಡೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆಯುವಂತಿಲ್ಲ, ತೊಗರಿ ಸುಟ್ಟುಹೋಗುತ್ತದೆ. ಹಾಗಾಗಿ ಕೈಯಲ್ಲೇ ಕಳೆ ಕೀಳಬೇಕು. ಹುಳು ಈಗಲೂ ಬರುತ್ತದೆ, ಆದರೆ ಕಳೆದ ಹಂಗಾಮಿನಲ್ಲಿ ಒಂದೇ ಸಲ ಔಷಧಿ ಸಾಕಾಯಿತು. ದಂಟು ಸುಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಕೊಚ್ಚಿ ಅಲ್ಲೇ ಹಾಸುತ್ತೇನೆ. ಬೆಳೆ ಬದಲಾಗುವುದರಿಂದ ದಂಟಿನಲ್ಲಿ ಉಳಿದ ರೋಗ ಮುಂದಿನ ಬೆಳೆಗೆ ಅಂಟುವ ಭಯವೂ ಕಡಿಮೆ.