ಮುಡಿ ಎಂದರೆ ತಲೆಗೂದಲಲ್ಲ

ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ ಕುಳಿತು ಜನರ ಕಾಗದಗಳನ್ನು ಓದಿ ಹೇಳುತ್ತೇನೆ. ವಾರದ ಉಳಿದ ದಿನ ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ವಕೀಲಿಕೆ. ಜಗಲಿಯಲ್ಲಿ ಬೋರ್ಡು ಹಾಕಿಲ್ಲ. ವಕೀಲರು ತಮ್ಮನ್ನು ತಾವೇ ಸಾರಿಕೊಳ್ಳಬಾರದೆಂಬ ಬಾರ್ ಕೌನ್ಸಿಲ್ ನಿಯಮ ಒಂದು ಕಾರಣ. ಬೋರ್ಡು ಹಾಕಿದರೆ ಉದ್ಘಾಟನೆಯೂ ಆಗಬೇಕಾದೀತೆಂಬ ಹೆದರಿಕೆ ಇನ್ನೊಂದು. ಉಚಿತ ಕಾನೂನು ಶಿಬಿರಗಳಲ್ಲಿ ನಾನೂ ಭಾಷಣ ಮಾಡಿದವನೇ. ಸ್ವಾಗತ, ಶಾಲು, ವಂದನಾರ್ಪಣೆ ಎಲ್ಲ ಮುಗಿದು ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರಾದರೂ ಬಂದು, ಮಡಚಿದ ಕಾಗದ ಚಾಚಿ, “ಇದರಲ್ಲಿ ಏನುಂಟು ವಕೀಲರೇ?” ಎಂದು ಕೇಳುತ್ತಿದ್ದರು. ಶಿಬಿರ ಬಿಟ್ಟು ಆ ಪ್ರಶ್ನೆಯನ್ನು ಮಾತ್ರ ಜಗಲಿಗೆ ತಂದೆ.

1956ರ ನವೆಂಬರ್ 1ರಂದು ನಾವು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದೆವು. ಅಂದಿನಿಂದ ಇಲ್ಲಿಯ ಮನೆಗಳಲ್ಲಿ ಎರಡು ಬಗೆಯ ಕಾಗದಗಳಿವೆ. ಪೆಟ್ಟಿಗೆಯ ತಳದಲ್ಲಿರುವುದು ಕನ್ನಡದ್ದು, ಅಂಚೆಯಲ್ಲಿ ಬರುವುದು ಮಲಯಾಳದ್ದು. ಹಳೆಯದನ್ನು ಕಚೇರಿ ಓದದು, ಹೊಸದನ್ನು ಮನೆಯ ಹಿರಿಯರು ಓದಲಾರರು.

ಒಂದು ಭಾನುವಾರ ವಯಸ್ಸಾದ ಅಕ್ಕನೊಬ್ಬರು ಮೊಮ್ಮಗನ ಕೈಯಲ್ಲಿ ತಗಡಿನ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಡಿಜಿಟಲ್ ಭೂ ಅಳತೆಯ ಕರಡಿನಲ್ಲಿ ಅವರ ತೋಟದ ತೋಡಿನ (ಸಣ್ಣ ಹೊಳೆಯ) ಬದಿಯ ಪಟ್ಟಿ ಪುರಂಬೋಕು, ಅಂದರೆ ಸರ್ಕಾರಿ ಜಾಗ, ಎಂದು ಬಿದ್ದಿತ್ತು. ಭೂಸುಧಾರಣೆಯ ಕಾಲದಲ್ಲಿ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟಯ (ಹಕ್ಕುಪತ್ರ) ಅವರಲ್ಲಿತ್ತು. ಆದರೆ ಅದರಲ್ಲಿ ಗಡಿಯ ವಿವರ ಅಷ್ಟಕ್ಕಷ್ಟೆ. ಪೆಟ್ಟಿಗೆಯನ್ನು ಕೆದಕಿದಾಗ ಅಡಿಕೆ ಹಾಳೆಯ ತುಂಡೊಂದರ ನಡುವೆ ಮಾವನ ಕಾಲದ ಚಾಲಗೇಣಿ ಚೀಟು (ಕಾಯಂ ಅಲ್ಲದ ಗೇಣಿಯ ಕರಾರು) ಸಿಕ್ಕಿತು, 1941ರದ್ದು. ಶಾಯಿ ಕಂದಿದ್ದರೂ ಬರಹ ಮುತ್ತಿನಂತಿತ್ತು. ಮೂಡು ತೋಡು, ತೆಂಕು ಅಗಳು (ಕಂದಕ), ಪಡು ಬರೆ (ದಿಬ್ಬ), ಬಡಗು ಬಾಕಿಮಾರು ಗದ್ದೆ. ಕೊನೆಯಲ್ಲಿ, ವರ್ಷಕ್ಕೆ ಗೇಣಿ ಅಕ್ಕಿ ಮುಡಿ 12, ಕಳಸೆ 2.

ಅದನ್ನು ಹಿಡಿದು ಕಚೇರಿಗೆ ಹೋದೆವು. ತೆಂಕಣ ಜಿಲ್ಲೆಯೊಂದರಿಂದ ವರ್ಗವಾಗಿ ಬಂದಿದ್ದ ಗುಮಾಸ್ತ ಒಳ್ಳೆಯ ಹುಡುಗ. ನಾನು ಓದಿ ಹೇಳಿದ್ದನ್ನೆಲ್ಲ ಮಲಯಾಳದಲ್ಲಿ ಬರೆದುಕೊಳ್ಳುತ್ತ ಬಂದವನು ‘ಮುಡಿ’ ಎಂದಾಗ ಪೆನ್ನು ನಿಲ್ಲಿಸಿದ. ಮಲಯಾಳದಲ್ಲಿ ಮುಡಿ ಎಂದರೆ ತಲೆಗೂದಲು. ಗೇಣಿಗೆ ಹನ್ನೆರಡು ಕೂದಲೇ? ಅಕ್ಕನೇ ಮುಂದೆ ಬಂದು ಎರಡೂ ಕೈಗಳನ್ನು ಗುಂಡಗೆ ಮಾಡಿ, ಬೈಹುಲ್ಲಿನಲ್ಲಿ ಅಕ್ಕಿ ಕಟ್ಟುವುದನ್ನು ಗಾಳಿಯಲ್ಲೇ ಕಟ್ಟಿ ತೋರಿಸಿದರು. ಮೂರು ಕಳಸೆಗೆ ಒಂದು ಮುಡಿ, ಹದಿನಾಲ್ಕು ಸೇರಿಗೆ ಒಂದು ಕಳಸೆ. ಹುಡುಗ ನಕ್ಕ, ಮೂಡು ಗಡಿಯ ‘ತೋಡು’ ಅವನಿಗೂ ಗೊತ್ತಿದ್ದ ಶಬ್ದವೇ. ಆಕ್ಷೇಪ ಅರ್ಜಿ ದಾಖಲಾಯಿತು, ಸರ್ವೆಯವರು ಮತ್ತೆ ಬಂದು ಅಳೆದರು. ಪಟ್ಟಿ ಪೂರ್ತಿ ಸಿಗಲಿಲ್ಲ. ತೋಡು ಆ ಕಾಲದಿಂದ ಈಚೆಗೆ ಸ್ವಲ್ಪ ಸರಿದಿತ್ತು. ಸಿಕ್ಕಿದ್ದರಲ್ಲಿ ಹದಿನಾರು ಅಡಿಕೆ ಮರ ಉಳಿಯಿತು.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು ಹೇಳಬೇಕು. ಹಳೆಯ ಕಾಗದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಲು ಯಾರನ್ನೂ ಬಿಡಬೇಡಿ. ಮೂವತ್ತು ವರ್ಷ ದಾಟಿದ, ಇರಬೇಕಾದವರ ಕೈಯಿಂದಲೇ ಬಂದ ದಾಖಲೆ ಅಸಲಿ ಎಂದು ಕೋರ್ಟು ಭಾವಿಸಬಹುದು. ಆದರೆ ಬಿಸಿ ತಾಗಿ ಶಾಯಿ ಹಾರಿದ ಹಾಳೆಯಲ್ಲಿ ಭಾವಿಸಲು ಏನೂ ಉಳಿದಿರುವುದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಅಸಲನ್ನು ಅದೇ ಪೆಟ್ಟಿಗೆಗೆ ಹಿಂತಿರುಗಿಸಿ.

ಎಡವಿದ್ದೂ ಇದೆ. ಮೊದಲ ವರ್ಷ ಒಬ್ಬರು ಮದುವೆಯ ಆಮಂತ್ರಣದೊಳಗೆ ಸಿಕ್ಕಿಸಿ ತಂದ ನೋಟೀಸನ್ನು ಮುಂಭಾಗ ಮಾತ್ರ ಓದಿ “ಇದು ಬರೇ ತಿಳಿವಳಿಕೆಗೆ” ಎಂದುಬಿಟ್ಟೆ. ವಿಚಾರಣೆಯ ದಿನಾಂಕ ಹಿಂಬದಿಯಲ್ಲಿತ್ತು. ಅವರು ಹೋಗಲಿಲ್ಲ, ತೀರ್ಮಾನ ಅವರ ಬೆನ್ನ ಹಿಂದೆ ಆಯಿತು. ಅದನ್ನು ರದ್ದು ಮಾಡಿಸಲು ಒಂದೂವರೆ ವರ್ಷ ನಾನೇ ಓಡಾಡಿದೆ, ಶುಲ್ಕವನ್ನೂ ನಾನೇ ಕಟ್ಟಿದೆ. ಈಗ ಕಾಗದ ಕೈಗೆ ಬಂದರೆ ಮೊದಲು ಮಗುಚಿ ನೋಡುತ್ತೇನೆ.

ಜಗಲಿಯಲ್ಲಿ ಓದಿದ ವ್ಯಾಜ್ಯವನ್ನು ನನ್ನ ಕಚೇರಿಗೆ ತರುವುದಿಲ್ಲ. ತಂದರೆ ಜಗಲಿ ಅಂಗಡಿಯಾಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ; ಅಂಥವರನ್ನು ತಾಲೂಕು ಸಮಿತಿಗೆ ಕಳುಹಿಸುತ್ತೇನೆ. ಅರ್ಜಿಗಳನ್ನು ಕನ್ನಡದಲ್ಲೇ ಬರೆಯಿಸುತ್ತೇನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆದರೂ ಉತ್ತರ ಮಲಯಾಳದಲ್ಲಿ ಬರುವುದುಂಟು. ಆಗ ಜಗಳವಾಡುವುದಿಲ್ಲ, ಕಾಯ್ದೆಯ ಆ ಸಾಲನ್ನು ನಕಲು ಮಾಡಿ, ‘ದಯವಿಟ್ಟು ಕನ್ನಡದಲ್ಲಿ’ ಎಂದು ಬರೆದು ಹಿಂದಕ್ಕೆ ಕಳುಹಿಸುತ್ತೇನೆ. ನನ್ನ ಲೆಕ್ಕದಲ್ಲಿ ಮೂರನೆಯ ಸಲಕ್ಕೆ ಕನ್ನಡ ಬರುತ್ತದೆ, ಕಾಗುಣಿತ ಹೇಗೇ ಇರಲಿ.

ಗ್ರಾಮಸಭೆಗೂ ಹೋಗುತ್ತೇನೆ. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸೇರಿದರೇ ಕೋರಂ. ಅಲ್ಲಿ ನನ್ನ ಕೆಲಸ ಹಿಂದೆ ಕುಳಿತು ನಡಾವಳಿಯನ್ನು ಪಕ್ಕದವರಿಗೆ ಮೆಲ್ಲಗೆ ಕನ್ನಡದಲ್ಲಿ, ಕೆಲವರಿಗೆ ತುಳುವಿನಲ್ಲಿ ಹೇಳುವುದು.

ಆ ಗುಮಾಸ್ತ ಹುಡುಗ ಈಗಲೂ ಅದೇ ಕಚೇರಿಯಲ್ಲಿದ್ದಾನೆ. ಕಳೆದ ತಿಂಗಳು ಹೋದಾಗ ತನ್ನ ರಿಜಿಸ್ಟರಿನ ರಟ್ಟಿನ ಒಳಬದಿ ತೋರಿಸಿದ. ಮುಡಿ, ಕಳಸೆ, ಮೂಲಗೇಣಿ, ಚಾಲಗೇಣಿ, ಬರೆ, ಬಾಕಿಮಾರು ಎಲ್ಲವನ್ನೂ ಮಲಯಾಳ ಲಿಪಿಯಲ್ಲಿ ಸಾಲಾಗಿ ಬರೆದು ಎದುರಿಗೆ ಅರ್ಥ ಕೊಟ್ಟಿದ್ದ. ‘ಕುಮ್ಕಿ’ಯ ಎದುರು ಮಾತ್ರ ಖಾಲಿ. ಜಾಗ ಸರ್ಕಾರದ್ದು, ಸೊಪ್ಪು ಸೌದೆಯ ಹಕ್ಕು ಪಕ್ಕದ ವರ್ಗದಾರನದ್ದು, ಅಂದರೆ ಪಟ್ಟಾ ಜಮೀನಿನವನದ್ದು, ಎಂದು ಆರಂಭಿಸಿದೆ. “ಹಾಗಾದರೆ ಜಾಗ ಯಾರದ್ದು ಸಾರ್?” ಎಂದ. ಚಹಾ ತರಿಸಿ ಅರ್ಧ ಗಂಟೆ ಕುಳಿತೆವು. ಎದ್ದು ಬರುವಾಗಲೂ ಅಲ್ಲಿ ಖಾಲಿಯೇ ಇತ್ತು.